ಗಡ್ಡಿ ಶಾಲೆಯ ಹನ್ನೊಂದು ಹುಡುಗಿಯರು

ಚೆಂಡು ಹೊಳೆಗೆ ಬೀಳುವುದು ನಮಗೆ ದಿನದ ಗೋಳಾಗಿತ್ತು. ನಾನು ದೈಹಿಕ ಶಿಕ್ಷಕಿಯಾಗಿದ್ದ ಶಾಲೆ ತುಂಗಭದ್ರೆಯ ನಡುವಿನ ಒಂದು ಸಣ್ಣ ನಡುಗಡ್ಡೆಯಲ್ಲಿತ್ತು. ಗಂಗಾವತಿ ಕಡೆಯವರು ಅದನ್ನು ಬರೀ ಗಡ್ಡಿ ಎನ್ನುತ್ತಿದ್ದರು. ಯಾವ ದಿಕ್ಕಿಗೆ ಒದ್ದರೂ, ಸ್ವಲ್ಪ ಜೋರಾಗಿ ಒದ್ದರೆ, ಚೆಂಡು ನೀರಿಗೇ ಹೋಗಬೇಕು. ಆಗ ಹರಿಗೋಲು ನಡೆಸುವ ಅಂಬಿಗ ಹುಟ್ಟು ಹಾಕುತ್ತ ಹೋಗಿ ಅದನ್ನು ಎತ್ತಿಕೊಂಡು ಬರುತ್ತಿದ್ದ. ಸುಮ್ಮನೆ ಕೊಡುವ ಆಸಾಮಿಯಲ್ಲ.

"ಟೀಚರ್ರ, ಆಟ ಹುಡಿಗ್ಯಾರಿಗೆ ಕಲಸಾಕತ್ತೀರೋ, ಮೀನಿಗೋ?" ಎಂದು ಕೇಳಿಯೇ ಕೊಡುತ್ತಿದ್ದ.

ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಅದಕ್ಕೂ ಮೊದಲು ಜಿಲ್ಲಾ ಕ್ರೀಡಾಕೂಟವೆಂದರೆ ರಾಯಚೂರಿಗೆ ಹೋಗಬೇಕು, ನಮ್ಮಂಥ ಶಾಲೆಯವರು ಅದರ ಕನಸನ್ನೂ ಕಾಣುತ್ತಿರಲಿಲ್ಲ. ಈಗ ನಾಲ್ಕೇ ತಾಲ್ಲೂಕು: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಖೋಖೋದಲ್ಲಿ, ಕಬಡ್ಡಿಯಲ್ಲಿ ನಮ್ಮನ್ನು ಹುರಿದು ತಿನ್ನುವ ಶಾಲೆಗಳು ಬೇಕಾದಷ್ಟಿದ್ದವು. ಹುಡುಗಿಯರ ಫುಟ್‌ಬಾಲ್ ಯಾರೂ ಕೇಳದ ಆಟ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗೆ ಪಟ್ಟಿಯ ಕೊನೆಗೆ ಅದರ ಹೆಸರಿತ್ತು. ಯಾರೂ ಕೇಳದ್ದನ್ನೇ ನಾನು ಹಿಡಿದೆ. ಐದು, ಆರು, ಏಳನೆಯ ತರಗತಿಗಳನ್ನು ಜಾಲಾಡಿದಾಗ ಸರಿಯಾಗಿ ಹನ್ನೊಂದು ಹುಡುಗಿಯರು ಸಿಕ್ಕರು. ಬದಲಿಗೆ ಕೂರಿಸಲು ಹನ್ನೆರಡನೆಯವಳಿರಲಿಲ್ಲ.

ಅಂಬಿಗನ ಮಗಳನ್ನೇ ಕ್ಯಾಪ್ಟನ್ ಮಾಡಿದೆ. ಏಳನೆಯ ತರಗತಿಯವಳು, ತೆಳ್ಳಗೆ, ಎತ್ತರ, ಮಾತು ಕಡಿಮೆ. ಅವಳಿಗೆ ಫುಟ್‌ಬಾಲ್ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಪ್ರೀತಿ ಇದ್ದದ್ದು ಎಂಟನೆಯ ತರಗತಿಯ ಮೇಲೆ. ನಮ್ಮ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ದಿನಾ ಹೊಳೆ ದಾಟಬೇಕು. ಹಿಂದೊಮ್ಮೆ ಹೊಸ ನೀರು ಬಂದಾಗ ಶಾಲೆ ಮಕ್ಕಳಿದ್ದ ಹರಿಗೋಲು ಮಗುಚಿತ್ತು. ಅಂದಿನಿಂದ ಗಡ್ಡಿಯವರು ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸುವುದನ್ನೇ ಬಿಟ್ಟಿದ್ದರು. ಗಂಡುಹುಡುಗರು ಬೇಕಾದರೆ ಈಜಿ ಬದುಕಲಿ ಅನ್ನುವ ನ್ಯಾಯ.

ಒಂದು ದಾರಿ ಇತ್ತು. ಕ್ರೀಡಾ ಹಾಸ್ಟೆಲ್. ಅಲ್ಲಿ ಎಂಟರಿಂದ ಹತ್ತರವರೆಗೆ ಊಟ, ವಸತಿ, ಶಾಲೆ ಎಲ್ಲ ಸರ್ಕಾರದ್ದು. ಆದರೆ ಆಯ್ಕೆ ಮಾಡುವವರು ಬರುವುದು ವಿಭಾಗ ಮಟ್ಟದ ಪಂದ್ಯಕ್ಕೆ, ನೋಡುವುದು ಏಳನೆಯ ತರಗತಿಯವರನ್ನು, ಅಲ್ಲಿಗೆ ಹೋಗುವುದು ಜಿಲ್ಲೆಯಲ್ಲಿ ಗೆದ್ದ ತಂಡ ಮಾತ್ರ. ಇದನ್ನು ನಾನು ಅಂಬಿಗನಿಗೆ ಹರಿಗೋಲಿನಲ್ಲಿ ಕೂತೇ ಬಿಡಿಸಿ ಹೇಳಿದೆ. ಅವನು ತಮಾಷೆ ಬಿಟ್ಟು ಕೇಳಿಸಿಕೊಂಡ.

"ಹಾಸ್ಟೆಲ್ಲಿಗಂದ್ರ ಹೂಂ ಅಂತೀನ್ರಿ. ಒಂದ್ ಸಲ ದಾಟಸ್ತೀನಿ, ಹಬ್ಬಕ್ಕ ಕರಕೊಂಡ್ ಬರ್ತೀನಿ. ದಿನಾ ಎರಡೆರಡ ಸಲ ಮಾತ್ರ ನಾ ದಾಟಸಂಗಿಲ್ಲ. ಮಂದಿಗೆ ಹೊಳಿ ಗೊತ್ತಿಲ್ಲ, ನನಗ ಗೊತ್ತೈತಿ."

ಮಗಳು ಹರಿಗೋಲಿನ ಇನ್ನೊಂದು ಬದಿಗೆ ಕೂತಿದ್ದಳು. ದಡ ಬಂದಮೇಲೆ ನನ್ನ ಹಿಂದೆಯೇ ಇಳಿದು ಮೆಲ್ಲಗೆ ಕೇಳಿದಳು: "ಟೀಚರ್, ಎಂಟನೇ ಕ್ಲಾಸಿನ್ಯಾಗ ವಿಜ್ಞಾನಕ್ಕ ಬ್ಯಾರೆ ಟೀಚರ್, ಗಣಿತಕ್ಕ ಬ್ಯಾರೆ ಟೀಚರ್ ಇರ್ತಾರಂತ, ಖರೇನ್ರಿ?"

ಖರೆ ಅಂದೆ. ಮರುದಿನದಿಂದ ಅವಳು ಎಲ್ಲರಿಗಿಂತ ಮೊದಲು ಮೈದಾನದಲ್ಲಿ ಇರುತ್ತಿದ್ದಳು.

ಮೈದಾನವೆಂದರೆ ಹೊಳೆಯಂಚಿನ ಮರಳು. ಮರಳಿನಲ್ಲಿ ಓಡಿದರೆ ಮೀನಖಂಡ ಗಟ್ಟಿಯಾಗುತ್ತದೆ, ಆದರೆ ಚೆಂಡು ಉರುಳುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಯಾರಾದರೂ ನಗಬಹುದೆಂದು ನಾನು ದೂರಲಿಲ್ಲ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ತಂದು ಸುರಿದೆ. ಮರಳ ಮೇಲೆ ಬೆಣಚುಕಲ್ಲಿಟ್ಟು ಜಾಗ ತೋರಿಸಿದೆ: ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ, ಒಬ್ಬಳು ಗೋಲಿನಲ್ಲಿ. ಚೆಂಡು ಬಂತೋ ಇಲ್ಲವೋ, ಹತ್ತೂ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿಬಿಡುತ್ತಿದ್ದರು. ಗೋಲಿನವಳೂ ಹೊರಟುಬಿಡುತ್ತಿದ್ದಳು. ನಾನು ಬೈದೆ, ಕಲ್ಲು ಮತ್ತೆ ಇಟ್ಟೆ, ಒಬ್ಬೊಬ್ಬರ ಭುಜ ಹಿಡಿದು ನಿಲ್ಲಿಸಿದೆ. ನನ್ನ ಕೈ ತೆಗೆದ ಕೂಡಲೆ ಓಡುತ್ತಿದ್ದರು.

ಅಷ್ಟರಲ್ಲಿ ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾಯಿತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಮರಳ ಮೇಲೆ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಹುಡುಗಿಯರೆಲ್ಲ ತಾಯಂದಿರ ಜೊತೆ ಭತ್ತ ಹಚ್ಚಲು ಮರಳಿ ಎಂಬ ಊರಿನ ಕಡೆಗೆ ಹೋಗಿದ್ದರು. ಆಣೆಕಟ್ಟಿನ ಗೇಟು ತೆರೆಯುವ ತನಕ ಹೊಳೆ ಇಳಿದಿರುತ್ತದೆ, ನಾಟಿಯ ಆ ಕೆಲವೇ ದಿನ ಅಂಬಿಗನೂ ದಾಟಿಸುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಹರಿಗೋಲು ದಾಟಿ, ಬಸ್ಸು ಹಿಡಿದು, ಬದುವಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಬಾಯಿಗೆ ಬಂದ ಹಾಗೆ ಬೈಯಬೇಕೆಂದೇ ಹೊರಟವಳು, ಗದ್ದೆ ಕಂಡಮೇಲೆ ಬದುವಿನ ಮೇಲೇ ನಿಂತುಬಿಟ್ಟೆ.

ಕೆಸರುಗದ್ದೆಯ ಅಡ್ಡಕ್ಕೆ ಹೆಂಗಸರ ಒಂದು ಸಾಲು. ನನ್ನ ಹುಡುಗಿಯರೂ ಅದರಲ್ಲಿ ಇದ್ದರು. ಎಲ್ಲರೂ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈಯಲ್ಲಿ ನಾಟಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದರು. ಯಾರೂ ಪಕ್ಕಕ್ಕೆ ನೋಡುತ್ತಿರಲಿಲ್ಲ. ಆದರೂ ಒಬ್ಬಳ ಹಿಮ್ಮಡಿ ಇನ್ನೊಬ್ಬಳ ಹಿಮ್ಮಡಿಗಿಂತ ಗೇಣು ಮುಂದೆ ಹೋಗುತ್ತಿರಲಿಲ್ಲ. ಗುಂಪಿನ ಹಿರಿಯಾಳು ತುದಿಯಲ್ಲಿ ನಿಂತು "ಹೋ" ಅಂದರೆ ಸಾಲು ಸರಿಯುತ್ತಿತ್ತು. ಬೆಣಚುಕಲ್ಲಿಟ್ಟು ನಾನು ಒಂದು ತಿಂಗಳು ಕಲಿಸಲಾರದ್ದನ್ನು ಅವರು ಕಣ್ಣು ಮುಚ್ಚಿ ಮಾಡುತ್ತಿದ್ದರು.

ಆಗ ತುದಿಯಲ್ಲಿದ್ದ ನಮ್ಮ ತಂಡದ ಎಲ್ಲರಿಗಿಂತ ಚಿಕ್ಕವಳು ಕಾಲಿಗೇನೋ ಚುಚ್ಚಿತೆಂದು ಬದುವಿನ ಮೇಲೆ ಕೂತಳು. ಕ್ಯಾಪ್ಟನ್ ಕೈ ಎತ್ತಿದಳು. ಇಡೀ ಸಾಲು ನಿಂತಿತು. ಚಿಕ್ಕವಳು ಮುಳ್ಳು ಕಿತ್ತುಕೊಂಡು ವಾಪಸ್ಸು ಬರುವ ತನಕ ಒಬ್ಬರೂ ಒಂದು ಸಸಿ ಊರಲಿಲ್ಲ.

ಗುತ್ತಿಗೆ ಕೆಲಸ, ಹೊತ್ತು ಮುಳುಗುವುದರೊಳಗೆ ಮುಗಿಸಬೇಕು, ಹೀಗೆ ನಿಲ್ಲುವುದು ಯಾಕೆ ಎಂದು ಹಿರಿಯಾಳನ್ನು ಕೇಳಿದೆ. ಅವಳು ಎಲೆಯಡಿಕೆ ಉಗಿದು ಹೇಳಿದಳು:

"ನಮ್ಮ ಗುಂಪಿನ ಕಟ್ಟಳಿ ಐತ್ರಿ. ಒಬ್ಬಾಕಿ ಕುಂತ್ಲಂದ್ರ ಎಲ್ಲಾರೂ ನಿಂದರಬೇಕು. ಹಿಂದ ಒಬ್ಬಾಕಿಗೆ ಹುಳ ಮುಟ್ಟಿತ್ರಿ, ಹಾವು. ಆಕಿ ಕುಂತಿದ್ದು ಯಾರೂ ನೋಡ್ಲಿಲ್ಲ, ಹಾಡು ಹೇಳಕೋಂತ ಸಾಲು ಸರದ ಬಿಟ್ಟಿತ್ತು. ತಿರುಗಿ ನೋಡೂದ್ರಾಗ ಹೆಣಾ ಆಗಿದ್ಲು. ಅವತ್ತಿಂದ ಬಿದ್ದಾಕಿನ ಬಿಟ್ಟು ನಮ್ಮ ಸಾಲು ಸರಿಯಂಗಿಲ್ಲ."

ಅಂದು ನಾನು ಬೈಯದೆ ವಾಪಸ್ಸು ಬಂದೆ. ಮರುದಿನ ಬೆಣಚುಕಲ್ಲುಗಳನ್ನೆಲ್ಲ ಹೊಳೆಗೆ ಎಸೆದೆ. ನಾಲ್ಕು ನಾಲ್ಕು ಎರಡು ಎಂಬ ಲೆಕ್ಕ ಬಿಟ್ಟುಬಿಟ್ಟೆ. ನಾಟಿಯಲ್ಲಿ ಯಾರ ಪಕ್ಕ ಯಾರು ನಿಲ್ಲುತ್ತಿದ್ದರೋ ಆ ಕ್ರಮದಲ್ಲೇ ಆರು ಹುಡುಗಿಯರನ್ನು ಹಿಂದೆ ಅಡ್ಡಕ್ಕೆ ನಿಲ್ಲಿಸಿದೆ, ತುದಿಗೆ ಚಿಕ್ಕವಳು, ನಡುವೆ ಕ್ಯಾಪ್ಟನ್. ಉಳಿದ ನಾಲ್ವರಿಗೆ ಚೆಂಡಿನ ಹಿಂದೆ ಎಷ್ಟು ಬೇಕಾದರೂ ಓಡಿರಿ ಅಂದೆ. ಎದುರಾಳಿ ಚೆಂಡು ತಂದರೆ ಈ ಆರು ಜನ ನಾಟಿ ಸಾಲಿನ ಹಾಗೆ ಒಟ್ಟಿಗೆ ಹಿಂದೆ ಸರಿಯಬೇಕು, ಇಬ್ಬರ ನಡುವೆ ತೂರಲು ಸಂದು ಕೊಡಬಾರದು. ಕ್ಯಾಪ್ಟನ್ "ಹೋ" ಅಂದರೆ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಇಡಬೇಕು. ಆಗ ಸಾಲಿನ ಹಿಂದೆ ಉಳಿದ ಎದುರಾಳಿಗೆ ಚೆಂಡು ಕೊಟ್ಟರೆ ಅದು ಆಫ್‌ಸೈಡ್, ತಪ್ಪಾಟ, ಚೆಂಡು ನಮಗೇ. ಇದನ್ನು ದೊಡ್ಡ ತಂಡಗಳು ವರ್ಷಗಟ್ಟಲೆ ಕಲಿಯುತ್ತವೆ. ಇವರು ಎರಡು ಸಂಜೆಯಲ್ಲಿ ಕಲಿತರು. ದಿನವಿಡೀ ಗದ್ದೆಯಲ್ಲಿ ಬೆನ್ನು ಬಾಗಿಸಿ ಬಂದವರು, ಕಣದಲ್ಲಿ ಬೆನ್ನು ನೆಟ್ಟಗೆ ಮಾಡಿ ಅದೇ ಕೆಲಸ ಮಾಡಿದರು. "ಇದು ಹಗುರ ಐತ್ರಿ ಟೀಚರ್, ಬಗ್ಗೂದಿಲ್ಲ" ಎಂದು ಚಿಕ್ಕವಳು ನಕ್ಕಳು.

ಒಂದೇ ತೊಡಕು. ಆಟದಲ್ಲೂ ಯಾರಾದರೂ ಬಿದ್ದರೆ ಕ್ಯಾಪ್ಟನ್ ಕೈ ಎತ್ತುತ್ತಿದ್ದಳು, ಆರೂ ಜನ ನಿಂತುಬಿಡುತ್ತಿದ್ದರು. ನಾನು ಸೀಟಿ ತೋರಿಸಿ ಹೇಳಿದೆ: ಆಟದಲ್ಲಿ ನಿಲ್ಲುವುದು ಇದಕ್ಕೆ ಮಾತ್ರ, ಬಿದ್ದವಳನ್ನು ನೋಡಲು ರೆಫರಿ ಇರುತ್ತಾರೆ. ಎಲ್ಲರೂ ಹೂಂ ಅಂದರು. ಹೂಂ ಅನ್ನಲು ಏನು ಖರ್ಚು. ದಿನಾ ಹೇಳಿದೆ. ಬೇಕೆಂದೇ ಒಬ್ಬಳನ್ನು ಬೀಳಿಸಿ ಆಟ ಮುಂದುವರಿಸಿ ಅಭ್ಯಾಸ ಮಾಡಿಸಿದೆ. ಸುಳ್ಳು ಬೀಳುವುದು ಅವರಿಗೂ ಗೊತ್ತಿರುತ್ತಿತ್ತು, ಹಾಗಾಗಿ ಆಡುತ್ತಿದ್ದರು.

ತಾಲ್ಲೂಕು ಮಟ್ಟದಲ್ಲಿ ಇದ್ದದ್ದು ನಾವು ಮತ್ತು ನವಲಿ ಕಡೆಯ ಒಂದು ಶಾಲೆ, ಎರಡೇ ತಂಡ. ಒಂದು ಗೋಲಿನಿಂದ ಗೆದ್ದೆವು. ಆ ಹುಡುಗಿಯರು ನಮ್ಮ ಸಾಲಿಗೆ ಬಂದು ಬಂದು ಆಫ್‌ಸೈಡ್ ಆಗುತ್ತಿದ್ದರು, ಯಾಕೆಂದು ಅವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಗಡ್ಡಿಗೆ ಮರಳಿದಾಗ ಅಂಬಿಗ ದುಡ್ಡು ಮುಟ್ಟದೆ ಎಲ್ಲರನ್ನೂ ದಾಟಿಸಿದ. ಇಳಿಯುವಾಗ ನನ್ನನ್ನು, "ಕೊಪ್ಪಳ ಎಷ್ಟ ದೂರ ಐತ್ರಿ ಟೀಚರ್ರ, ಬಸ್ಸಿನ್ಯಾಗ?" ಎಂದು ಕೇಳಿದ, ಒಮ್ಮೆಯೂ ಕೊಪ್ಪಳ ನೋಡದವನ ಹಾಗೆ.

ಜಿಲ್ಲಾ ಪಂದ್ಯದ ವಾರ ಆಣೆಕಟ್ಟಿನ ಗೇಟು ತೆರೆಯುತ್ತಾರೆಂದು ಡಂಗುರ ಸಾರಿದರು. ಅಂಬಿಗ ಎರಡು ದಿನ ಮೊದಲೇ ಹುಡುಗಿಯರನ್ನು ಮೂರು ಸುತ್ತಿನಲ್ಲಿ ದಾಟಿಸಿದ, ತಾನೂ ಈ ದಡದಲ್ಲೇ ಉಳಿದ. ದಡದ ಶಾಲೆಯ ಕೋಣೆಯಲ್ಲಿ ಮಲಗಿಸಿ, ನಾನೇ ಉಪ್ಪಿಟ್ಟು ಬೇಯಿಸಿ ಹಾಕಿದೆ. ಆಮೇಲೆ ಬಂತು ಬೂಟಿನ ಗ್ರಹಚಾರ. ಬರಿಗಾಲಿನಲ್ಲಿ ಆಡಲು ಬಿಡುವುದಿಲ್ಲವೆಂದು ಕೊಪ್ಪಳದಿಂದ ಹೇಳಿ ಕಳಿಸಿದರು. ಈ ಮಕ್ಕಳು ಹುಟ್ಟಿದ ಮೇಲೆ ಬೂಟು ಹಾಕಿದವರಲ್ಲ. ಗಂಗಾವತಿಯ ಒಂದು ಗಂಡುಮಕ್ಕಳ ಹಾಸ್ಟೆಲ್ಲಿನಿಂದ ಕ್ಯಾನ್ವಾಸ್ ಬೂಟು ಕಾಡಿ ಬೇಡಿ ತಂದೆ. ಎಲ್ಲ ದೊಡ್ಡವು. ಮುಂದಿನ ಭಾಗಕ್ಕೆ ಬಟ್ಟೆ ತುರುಕಿ, ಹಿಮ್ಮಡಿಗೆ ಹುರಿ ಬಿಗಿದು ಕಟ್ಟಿದೆ. ಚಿಕ್ಕವಳ ಪಾದಕ್ಕೆ ಸರಿಹೊಂದುವುದು ಒಂದೂ ಸಿಗಲಿಲ್ಲ. "ಎರಡೂ ಪಾದ ಒಂದರಾಗ ಹಾಕ್ತೀನ್ರಿ" ಅಂದಳು. ಎಲ್ಲರೂ ನಕ್ಕೆವು.

ಕೊಪ್ಪಳದ ಮೈದಾನ ಗಟ್ಟಿ ಕೆಂಪು ನೆಲ. ಮೊದಲ ಪಂದ್ಯ ಯಲಬುರ್ಗಾದ ತಂಡದ ಮೇಲೆ. ಬೂಟು ಎಳೆದಾಡುತ್ತಲೇ ನಮ್ಮವರು ಎರಡು ಗೋಲು ಹೊಡೆದರು, ಒಂದನ್ನೂ ಬಿಡಲಿಲ್ಲ. ಒಮ್ಮೆ ಬಲತುದಿಯವಳು ಬಿದ್ದಾಗ ಸಾಲು ಗಕ್ಕನೆ ನಿಂತಿತು. ಪುಣ್ಯಕ್ಕೆ ಅದೇ ಹೊತ್ತಿಗೆ ಚೆಂಡು ಗೆರೆ ದಾಟಿತ್ತು. ವಿರಾಮದಲ್ಲಿ ಮತ್ತೆ ಹೇಳಿದೆ. ಕ್ಯಾಪ್ಟನ್ ನನ್ನ ಮುಖ ನೋಡಿ, "ತಪ್ಪಾತ್ರಿ ಟೀಚರ್, ಕೈ ತಾನ ಏಳತೈತ್ರಿ" ಅಂದಳು.

ಕೊಪ್ಪಳದ ತಂಡವನ್ನು ಸೋಲಿಸಿ ಬಂದ ಕುಷ್ಟಗಿಯವರ ಜೊತೆ ಮಧ್ಯಾಹ್ನ ಅಂತಿಮ ಪಂದ್ಯ. ಗಟ್ಟಿ ಹುಡುಗಿಯರು, ಬಿಸಿಲಿನಲ್ಲಿ ಓಡಿ ಬೆಳೆದವರು. ಅವರ ಮೇಷ್ಟ್ರು ಒಳ್ಳೆಯ ಮನುಷ್ಯ, ನಮ್ಮ ಬೂಟು ನೋಡಿ ತಮ್ಮ ಹುರಿ ಕೊಟ್ಟರು. ನಾವು ಮೊದಲು ಗೋಲು ಹೊಡೆದೆವು. ಅವರು ಸಮ ಮಾಡಿದರು. ಆಮೇಲೆ ಅವರು ಬಂದಷ್ಟು ಸಲ ನಮ್ಮ ಸಾಲು ತಡೆಯಿತು. "ಹೋ" ಕೇಳಿದಾಗಲೆಲ್ಲ ಒಂದು ಹೆಜ್ಜೆ, ಆಫ್‌ಸೈಡ್, ಸೀಟಿ. ನೋಡಲು ನಿಂತ ಜನ "ಏ, ಇವ್ರು ಭತ್ತ ಹಚ್ಚಾಕತ್ತಾರ ನೋಡ್ರಲೇ" ಎಂದು ನಗುತ್ತಿದ್ದರು. ನಗಲಿ ಅಂದುಕೊಂಡೆ. ಸಮವಾಗಿ ಮುಗಿದರೆ ಪೆನಾಲ್ಟಿ, ನಮ್ಮ ಗೋಲಿನವಳು ಹೊಳೆಯಲ್ಲಿ ಮೀನು ಹಿಡಿದ ಕೈಯವಳು, ಗೆದ್ದೇ ಗೆಲ್ಲುತ್ತೇವೆ ಎಂದು ನನಗೆ ಖಾತ್ರಿ ಇತ್ತು. ಅಂಬಿಗ ಗೆರೆಯಾಚೆ ಟವಲು ಹಿಂಡುತ್ತ ನಿಂತಿದ್ದ.

ಆಟ ಮುಗಿಯುತ್ತ ಬಂದಿತ್ತು. ಕುಷ್ಟಗಿಯ ಮುಂಚೂಣಿ ಹುಡುಗಿ ಚೆಂಡು ತರುತ್ತಿದ್ದಳು, ಸಾಲು ಹಿಂದೆ ಸರಿಯುತ್ತಿತ್ತು. ಎಡತುದಿಯಲ್ಲಿ ಚಿಕ್ಕವಳ ಬೂಟು ಕಳಚಿ, ಕಾಲು ಅದರ ಮೇಲೇ ಹೊರಳಿ, ಅವಳು ಬಿದ್ದಳು. ಬಿದ್ದವಳು "ಅವ್ವಾ" ಅಂದಳು. ಅದು ಸುಳ್ಳು ಬೀಳುವುದಾಗಿರಲಿಲ್ಲ.

ಕ್ಯಾಪ್ಟನ್ ಕೈ ಮೇಲೆದ್ದಿತು. ಐವರೂ ನಿಂತರು. ಕೆಸರಿನಲ್ಲಿ ನಿಂತ ಹಾಗೆ, ಅಲುಗದೆ, ಬಿದ್ದವಳ ಕಡೆ ಮುಖ ಮಾಡಿ ನಿಂತರು. ಸೀಟಿ ಬಿದ್ದಿರಲಿಲ್ಲ. "ಆಡ್ರಿ, ನಿಲ್ಲಬ್ಯಾಡ್ರಿ, ಆಡ್ರಿ" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಕುಷ್ಟಗಿಯ ಹುಡುಗಿಗೂ ಒಂದು ಕ್ಷಣ ಏನೆಂದು ತಿಳಿಯಲಿಲ್ಲ, ಹೆಜ್ಜೆ ನಿಧಾನ ಮಾಡಿದಳು. ಆಮೇಲೆ ನಿಂತವರ ನಡುವೆ ನಡೆದು ಹೋದ ಹಾಗೆಯೇ ಹೋಗಿ, ಬಿದ್ದವಳ ಕಡೆಗೇ ನೋಡುತ್ತಿದ್ದ ನಮ್ಮ ಗೋಲಿನವಳ ಪಕ್ಕದಿಂದ ಗೋಲಿಗೆ ಒದ್ದಳು.

ರೆಫರಿಯದು ತಪ್ಪಿಲ್ಲ. ಚಿಕ್ಕವಳನ್ನು ಯಾರೂ ಮುಟ್ಟಿರಲಿಲ್ಲ, ಗೋಲು ಗೋಲೇ. ಉಳಿದ ಸ್ವಲ್ಪ ಹೊತ್ತು ನಾವು ಹತ್ತೇ ಜನ ಆಡಿದೆವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕ್ಯಾಪ್ಟನ್ ಚಿಕ್ಕವಳನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದಳು. ನನ್ನ ಮುಂದೆ ಇಳಿಸಿ ನಿಂತಳು. ನನ್ನ ನಾಲಿಗೆಯ ತುದಿಗೆ ಎಂಥ ಮಾತುಗಳು ಬಂದಿದ್ದವೋ, ನನಗೇ ಗೊತ್ತು. ಅವಳು ನನ್ನನ್ನು ನೋಡಿ ಹೇಳಿದ್ದು ಇಷ್ಟೇ:

"ಆಕಿ ಬಿದ್ದಿದ್ಲಲ್ರಿ ಟೀಚರ್."

ಬಿದ್ದರೆ ಬಿಟ್ಟು ಹೋಗಬೇಕಿತ್ತು ಎನ್ನಲೇ. ಚಿಕ್ಕವಳ ಕಾಲಿಗೆ ನೀರು ಹಾಕುತ್ತ ಕೂತೆ. ನೀರು ಮುಗಿದ ಮೇಲೂ ಹೂಜಿ ಬಗ್ಗಿಸಿಯೇ ಇದ್ದೆನಂತೆ, ಕುಷ್ಟಗಿಯ ಮೇಷ್ಟ್ರು ಬಂದು ಅದನ್ನು ಕೈಯಿಂದ ತೆಗೆದುಕೊಂಡರು. "ಇಂಥಾ ಹುಡಿಗ್ಯಾರ್ನ ನಾ ನೋಡಿಲ್ರೀ ಟೀಚರ್ರ" ಅಂದರು. ಒಳ್ಳೆಯ ಮಾತೇ. ಆ ಹೊತ್ತಿಗೆ ನನಗೆ ಅದು ಬೆಂಕಿ ಇಟ್ಟ ಹಾಗಾಯಿತು.

ಮರುವಾರ ಸಂಬಂಧಪಟ್ಟ ಅಧಿಕಾರಿಯನ್ನು ಕಂಡೆ. ಒಬ್ಬಳೇ ಒಬ್ಬಳನ್ನು ಆಯ್ಕೆಗೆ ಕಳಿಸಿ, ತಂಡ ಬೇಡ ಎಂದು ಕೈ ಮುಗಿದೆ. ಅವರು ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟರು, ಚಹಾ ತರಿಸಿದರು. "ನಿಮಗೊಬ್ಬರಿಗ ಬಿಟ್ಟರ ನಾಳೆ ಎಲ್ಲಾರೂ ಬರ್ತಾರ್ರಿ. ಹುಡುಗಿ ಛಲೋ ಆಡಿದ್ರ ಮುಂದಿನ ವರ್ಷ ನೋಡೋಣಲ್ಲ" ಅಂದರು. ಮುಂದಿನ ವರ್ಷ ಅವಳು ಏಳನೆಯ ತರಗತಿಯಲ್ಲಿ ಇರುವುದಿಲ್ಲ ಎಂದೆ. ಚಹಾ ಆರುತ್ತದೆ, ಕುಡಿಯಿರಿ ಅಂದರು.

ಪರೀಕ್ಷೆ ಮುಗಿದ ಮೇಲೆ ಅಂಬಿಗನ ಮನೆಗೆ ಹೋದೆ. ಗಂಗಾವತಿಯಲ್ಲಿ ನನ್ನ ಮನೆಯಲ್ಲೇ ಇಟ್ಟುಕೊಂಡು ಓದಿಸುತ್ತೇನೆ ಅಂದೆ. ಅವನು ಹರಿಗೋಲಿನ ತೊಗಲಿಗೆ ಡಾಂಬರು ಬಳಿಯುತ್ತಲೇ ಹೇಳಿದ:

"ನಿಮಗ ಇವತ್ತು ಈ ಸಾಲಿ, ನಾಳೆ ಇನ್ನೊಂದ್ ಊರಿಗೆ ವರ್ಗ. ಆಕಿ ಎಲ್ಲಿ ಅಂತ ಅಡ್ಡಾಡ್ಲಿರಿ ನಿಮ್ಮ ಹಿಂದ? ಸರಕಾರದ ಹಾಸ್ಟೆಲ್ ಅಂದ್ರ ಬ್ಯಾರೆ ಮಾತು. ಆಕಿ ಅವತ್ತ ಕೈ ಎತ್ತಬಾರದಿತ್ತು." ಮತ್ತೆ ಡಾಂಬರು ಅದ್ದುತ್ತ, "ಎತ್ತಲಾರದಿದ್ರ ನಮ್ಮ ಹುಡುಗಿ ಅನ್ನಸ್ತಿದ್ದಿಲ್ಲ ಬಿಡ್ರಿ" ಅಂದ. ಅವನ ಕಣ್ಣು ತುಂಬಿದ್ದವು. ಮಗಳು ಒಳಗೇ ಇದ್ದಳು, ಹೊರಗೆ ಬರಲಿಲ್ಲ.

ಅವನು ಹೇಳಿದಂತೆಯೇ ಆ ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ನಾಟಿ ಹೊತ್ತಿಗೆ ಹೊಸ ಶಾಲೆಗೆ ಹೋಗುವ ಬಸ್ಸು ಮರಳಿಯ ಹತ್ತಿರ ಕೆಟ್ಟು ನಿಂತಿತು. ಇಳಿದು ನೋಡಿದರೆ ಅದೇ ಬದು, ಅದೇ ಗುಂಪು. ಸಾಲಿನ ನಡುವೆ ಅವಳಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ದೊಡ್ಡ ಹೆಂಗಸಿನ ಹಾಗೆ ಕಾಣುತ್ತಿದ್ದಳು. ನಾನು ಕರೆಯಲಿಲ್ಲ, ಅವಳೇ ನನ್ನನ್ನು ಕಂಡಳು. ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಆರಾಮ್ ಅದೀರೇನ್ರಿ ಟೀಚರ್? ಈ ವರ್ಷ ಟೀಮ್ ಐತೇನ್ರಿ?"

ಇಲ್ಲ ಅಂದೆ. ಹೊಸ ಶಾಲೆಯಲ್ಲಿ ಹುಡುಗಿಯರು ಖೋಖೋ ಆಡುತ್ತಾರೆ ಅಂದೆ. ಅವಳು ತಲೆಯಾಡಿಸಿದಳು. ಇನ್ನೂ ಏನೋ ಕೇಳುವವಳ ಹಾಗೆ ನಿಂತೇ ಇದ್ದಳು. ಎಂಟನೆಯ ತರಗತಿಯ ವಿಜ್ಞಾನದ ಟೀಚರ್ ಹೇಗಿರುತ್ತಾರೆ ಎಂದು ಕೇಳಿಬಿಟ್ಟರೆ ಏನು ಹೇಳಲಿ ಎಂದು ನನಗೆ ಹೆದರಿಕೆಯಾಯಿತು.

ಆಗ ನೋಡಿದೆ. ಅವಳು ನಿಂತಳೆಂದು ಇಡೀ ಸಾಲು ನಿಂತಿತ್ತು. ಚಿಕ್ಕವಳೂ ಇದ್ದಳು, ಹಿರಿಯಾಳೂ ಇದ್ದಳು. ಎಲ್ಲರೂ ಸಸಿಯ ಕಟ್ಟು ಹಿಡಿದು, ಮೋಡ ಕವಿಯುತ್ತಿದ್ದರೂ ಅವಸರವಿಲ್ಲದೆ, ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದರು. ನಾನು ಹೋಗುತ್ತೇನೆಂದು ಕೈ ಮಾಡಿ ಬಸ್ಸಿನ ಕಡೆ ನಡೆದೆ. ಬಸ್ಸು ಹತ್ತಿ ಕೂತಮೇಲೆ ಹಿಂದಿನಿಂದ "ಹೋ" ಎಂದು ಅವಳ ದನಿ ಕೇಳಿತು, ಸಾಲು ಸರಿಯಿತು.